೧೯೧೮ರ ಇನ್‌ಫ್ಲುಯೆಂಜಾ ಮತ್ತು ಗರ್ಭಿಣಿಯರು

೧೯೧೮ರ ಇನ್‌ಫ್ಲುಯೆಂಜಾ ಮಹಾಮಾರಿಯು ಇಪ್ಪತ್ತರಿಂದ ನಲವತ್ತು ವರ್ಷ ವಯಸ್ಸಿನವರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಇದೇ ವಯಸ್ಸಿನವರಾದ ಗರ್ಭಿಣಿಯರ ಗತಿ ಏನಾಯಿತೆಂಬುದು ಪ್ರತ್ಯೇಕವಾಗಿ ವಿಚಾರಮಾಡತಕ್ಕ ಪ್ರಶ್ನೆಯಾಗಿದೆ.

ಅಮೆರಿಕದ ವೈದ್ಯ ಜೆ. ಡಬ್ಲ್ಯು. ಹ್ಯಾರಿಸ್ ಅವರು ಇತರ ವೈದ್ಯರಿಂದ ೧,೩೫೦ ಗರ್ಭಿಣಿ ರೋಗಿಗಳ ವಿವರಗಳನ್ನು ಸಂಗ್ರಹಿಸಿ ೧೯೧೯ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡಾ ೨೭ ಮಂದಿ ಮೃತರಾಗಿದ್ದರು. ಸುಮಾರು ಅರ್ಧದಷ್ಟು ಮಂದಿಗೆ ನ್ಯುಮೋನಿಯಾ ತಗುಲಿತ್ತು. ಹಾಗೆ ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ನ್ಯುಮೋನಿಯಾ ಇಲ್ಲದವರಲ್ಲಿಯೂ ಕಾಲುಭಾಗದಷ್ಟು ಮಂದಿಗೆ ಗರ್ಭಪಾತ ಅಥವಾ ಅಕಾಲಪ್ರಸವ ಸಂಭವಿಸಿತು. ತೀವ್ರ ರೋಗಿಗಳೇ ವೈದ್ಯರ ಕಣ್ಣಿಗೆ ಹೆಚ್ಚಾಗಿ ಬೀಳುವುದರಿಂದ ಈ ಅಂಕಿಗಳು ವಾಸ್ತವಕ್ಕಿಂತ ಹೆಚ್ಚಾಗಿರಬಹುದು. ಆದರೂ ಅಪಾಯವು ನಿಜವೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಕಾರಣಗಳು ದೇಹಧರ್ಮದಲ್ಲಿಯೇ ಇವೆ. ಬೆಳೆಯುವ ಗರ್ಭಕೋಶವು ವಪೆಯನ್ನು ಮೇಲಕ್ಕೊತ್ತುತ್ತದೆ. ತಾಯಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವಾದರೋ ಹೆಚ್ಚುತ್ತದೆ. ಹೀಗಿರುವಾಗ ಶ್ವಾಸಕೋಶಕ್ಕೆ ರೋಗ ತಗುಲಿದರೆ ತಡೆದುಕೊಳ್ಳುವ ಶಕ್ತಿ ಬೇಗನೆ ಕುಂದುತ್ತದೆ. ತೀವ್ರಜ್ವರವೂ ಆಮ್ಲಜನಕದ ಕೊರತೆಯೂ ಶಿಶುವಿಗೂ ಹಾನಿಕರ.

ಭಾರತದಲ್ಲಿ ಈ ರೋಗವು ೧೯೧೮ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಶರತ್ಕಾಲದಲ್ಲಿ ಭೀಕರವಾಯಿತು. ಮರಣಸಂಖ್ಯೆಯು ಒಂದು ಕೋಟಿಯನ್ನು ಮೀರಿತೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಆದರೆ ಗ್ರಾಮಗಳ ಲೆಕ್ಕದಲ್ಲಿ ಇಂತಹ ಸಾವುಗಳು ಬಹುಮಟ್ಟಿಗೆ ‘ಜ್ವರ’ ಎಂಬ ಒಂದೇ ಶೀರ್ಷಿಕೆಯಲ್ಲಿ ಸೇರಿಹೋದವು. ಸತ್ತವಳು ಗರ್ಭಿಣಿಯಾಗಿದ್ದಳೇ ಎಂಬುದು ಆ ಶೀರ್ಷಿಕೆಯಿಂದ ತಿಳಿಯದು. ೧೯೧೯ರಲ್ಲಿ ಜನನಗಳು ಕುಗ್ಗಿದುದು ನಿಜ. ಆದರೆ ಗರ್ಭನಷ್ಟ, ತಾಯಂದಿರ ಮರಣ, ಪತಿಯ ಮರಣ, ಗರ್ಭಧಾರಣೆಯ ಇಳಿಕೆ, ಇವುಗಳ ಪಾಲನ್ನು ಆ ಒಂದು ಅಂಕಿಯಿಂದ ಬೇರ್ಪಡಿಸಲಾಗದು.

ಗರ್ಭಿಣಿಯರನ್ನು ಪ್ರತ್ಯೇಕವಾಗಿ ಎಣಿಸಿದೆಡೆಯಲ್ಲೆಲ್ಲ ಅಪಾಯವು ಗೋಚರವಾಗಿದೆ. ೨೦೦೯ರ ಎಚ್೧ಎನ್೧ ಪಿಡುಗಿನಲ್ಲಿ ಅಮೆರಿಕದ ಜನಸಂಖ್ಯೆಯ ಶೇಕಡಾ ೧ರಷ್ಟಿದ್ದ ಗರ್ಭಿಣಿಯರು ಮೃತರಲ್ಲಿ ಸುಮಾರು ಶೇಕಡಾ ೫ರಷ್ಟಿದ್ದರು. ೨೦೧೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇನ್‌ಫ್ಲುಯೆಂಜಾ ಲಸಿಕೆಗೆ ಗರ್ಭಿಣಿಯರನ್ನೇ ಮೊದಲು ಪರಿಗಣಿಸಬೇಕೆಂದು ಸಲಹೆ ನೀಡಿತು. ಕೋವಿಡ್ ರೋಗವನ್ನು ಕುರಿತು ೧೮ ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕು ತಗುಲಿದ ಗರ್ಭಿಣಿಯರಲ್ಲಿ ಅಕಾಲಪ್ರಸವವು ಉಳಿದವರಿಗಿಂತ ಒಂದೂವರೆ ಪಟ್ಟಿಗೂ ಅಧಿಕವಾಗಿತ್ತು.

ಆದುದರಿಂದ ೧೯೧೮ರ ಸ್ಥಳೀಯ ಚರಿತ್ರೆಯನ್ನು ಶೋಧಿಸುವವರು ಮರಣದ ಲೆಕ್ಕಗಳೊಂದಿಗೆ ಹೆರಿಗೆ ಆಸ್ಪತ್ರೆಗಳ ದಾಖಲೆಗಳನ್ನೂ ಮುಂದಿನ ವರ್ಷದ ಜನನದ ಲೆಕ್ಕಗಳನ್ನೂ ಕೂಡಿಸಿ ಓದುವುದು ಅವಶ್ಯಕ. ‘ಜ್ವರ’ವೆಂಬ ಶೀರ್ಷಿಕೆಯಡಿ ಮರೆಯಾದ ತಾಯಂದಿರನ್ನು ಚರಿತ್ರೆಯ ಗಣನೆಗೆ ತರಲು ಇದೇ ಮಾರ್ಗ.