ಬೆಳ್ಳಿ ನಾಣ್ಯ ಮತ್ತು ತುಕ್ಕು ಹಿಡಿದ ಮೊಳೆ

ಅಮೆರಿಕದ ವರ್ಜೀನಿಯ, ಪೆನ್ಸಿಲ್ವೇನಿಯ, ಮಸಾಚುಸೆಟ್ಸ್‌ನಂಥ ಹಳೆಯ ರಾಜ್ಯಗಳಲ್ಲಿ ಇನ್ನೂರು ವರ್ಷ ದಾಟಿದ ಮನೆಗಳ ಅಂಗಳ, ಹಿತ್ತಲುಗಳಲ್ಲಿ ಲೋಹಶೋಧಕ ಆಡಿಸಿ ಬೆಳ್ಳಿ ನಾಣ್ಯ ಹುಡುಕುವುದು ಅನೇಕರ ಹವ್ಯಾಸ. ಅಲ್ಲಿ ಬೆಳ್ಳಿ ಸಿಗುವುದಕ್ಕೆ ಕಾರಣವಿದೆ. 1837ರಿಂದ 1964ರವರೆಗೆ ಆ ದೇಶದ ಡೈಮ್, ಕ್ವಾರ್ಟರ್ ನಾಣ್ಯಗಳಲ್ಲಿ ಶೇ. 90ರಷ್ಟು ಬೆಳ್ಳಿಯೇ ಇತ್ತು. ಮೆಕ್ಸಿಕೊ, ಪೆರುಗಳ ಟಂಕಸಾಲೆಗಳಲ್ಲಿ ಅಚ್ಚಾದ ಸ್ಪೇನಿನ ರಿಯಾಲ್‌ಗಳಂತೂ 1857ರವರೆಗೆ ಅಲ್ಲಿ ಕಾನೂನುಬದ್ಧ ಹಣವಾಗಿದ್ದವು. ಜೇಬಿನಿಂದ ಜಾರಿದ್ದು, ನೆಲಹಲಗೆಯ ಸಂದಿಗೆ ಬಿದ್ದದ್ದು ಇಂದಿಗೂ ಮಣ್ಣಿನಲ್ಲಿದೆ. ಈ ಹವ್ಯಾಸವನ್ನು ಲೂಟಿಯೆಂದು ಹಳಿಯುವವರಿದ್ದಾರೆ, ಇತಿಹಾಸದ ಸೇವೆಯೆಂದು ಮೆಚ್ಚುವವರೂ ಇದ್ದಾರೆ. ಯಂತ್ರ ಕೆಲಸ ಮಾಡುವ ಬಗೆಯನ್ನು ನೋಡಿದರೆ ಜಗಳದ ಬೇರು ಬೇರೆಡೆ ಇರುವುದು ತಿಳಿಯುತ್ತದೆ. ಬೆಳ್ಳಿಯನ್ನು ಹೆಕ್ಕಿ ತೋರಿಸಲು ಯಂತ್ರ ಯಾವ ಸದ್ದನ್ನು ಅಡಗಿಸುತ್ತದೋ, ಆ ಮನೆಯ ಚರಿತ್ರೆಯ ದೊಡ್ಡ ಪಾಲು ಅದರಲ್ಲೇ ಇದೆ.

ಲೋಹಶೋಧಕದ ತಟ್ಟೆಯೊಳಗೆ ತಂತಿಯ ಸುರುಳಿಗಳಿವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಏರಿಳಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ, ಈ ಏರಿಳಿತ ಮಣ್ಣಿನಲ್ಲಿರುವ ನಾಣ್ಯದೊಳಗೆ ಸುಳಿವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಸುಳಿಗಳು ಹೊಮ್ಮಿಸುವ ಕಿರಿಯ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಲೋಹಗಳಲ್ಲೆಲ್ಲ ಬೆಳ್ಳಿಯಷ್ಟು ಒಳ್ಳೆಯ ವಿದ್ಯುದ್ವಾಹಕ ಮತ್ತೊಂದಿಲ್ಲ. ಅದರಲ್ಲಿ ಎದ್ದ ಸುಳಿ ಬೇಗ ಅಡಗದ ಕಾರಣ ಮರುಸಂಕೇತ ಹೆಚ್ಚು ತಡವಾಗಿ ಬರುತ್ತದೆ. ಕಬ್ಬಿಣವೋ ಸ್ವತಃ ಕಾಂತೀಯ ಲೋಹ. ಅದರ ಉತ್ತರದ ವರಸೆಯೇ ಬೇರೆ. ಈ ತಡದ ಅಂತರವನ್ನು ಅಳೆದು ಯಂತ್ರ ಲೋಹಗಳನ್ನು ಬೇರ್ಪಡಿಸುತ್ತದೆ. ಆದರೆ ಆಳಕ್ಕೆ ಹೋದಂತೆ ಅದರ ಬಲ ಥಟ್ಟನೆ ಕುಗ್ಗುತ್ತದೆ. ತಟ್ಟೆಯ ಅಳತೆಗಿಂತ ದೂರದಲ್ಲಿರುವ ಸಣ್ಣ ವಸ್ತುವಿನ ದೂರ ಎರಡರಷ್ಟಾದರೆ ಸಂಕೇತ ಸುಮಾರು ಅರವತ್ತನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಹವ್ಯಾಸಿಗಳಿಗೆ ಸಿಗುವ ನಾಣ್ಯಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನವು. ಕಬ್ಬಿಣದ ಕಾಟವೂ ಹಳೆಯದೇ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ದೇಹದಲ್ಲಿ ಹುದುಗಿದ್ದ ಗುಂಡನ್ನು ಪತ್ತೆ ಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಉಪಕರಣ ತಂದು ಸೋತರು. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳೂ ಅದಕ್ಕೆ ಒಂದು ಕಾರಣವೆನ್ನುತ್ತಾರೆ.

ಹಳೆಯ ಮನೆಯ ಸುತ್ತ ಕಬ್ಬಿಣದ ಚೂರುಗಳು ಎಣಿಕೆಗೆ ಸಿಗದಷ್ಟಿರುತ್ತವೆ. ಪ್ರತಿಯೊಂದಕ್ಕೂ ಯಂತ್ರ ಕೂಗಿದರೆ ನಾಣ್ಯ ಹುಡುಕುವವರಿಗೆ ಸಾಕಾಗಿಹೋಗುತ್ತದೆ. ಅದಕ್ಕೇ ಅವರು ಡಿಸ್ಕ್ರಿಮಿನೇಷನ್ ವ್ಯವಸ್ಥೆಯನ್ನು ಬಳಸಿ ಕಬ್ಬಿಣದ ಸದ್ದನ್ನು ಅಡಗಿಸುತ್ತಾರೆ. ಅಡಗುವುದು ಬಹುಪಾಲು ಮೊಳೆಗಳ ಸದ್ದು. ಪುರಾತತ್ವಜ್ಞರಿಗೆ ಮೊಳೆಯೆಂದರೆ ಕಾಲದ ಗುರುತು. ಸುಮಾರು 1800ರವರೆಗಿನವು ಕಮ್ಮಾರನು ಬಡಿದು ಮಾಡಿದ, ನಾಲ್ಕು ಕಡೆಯೂ ಮೊನಚಾಗುವ ಮೊಳೆಗಳು. 1790ರ ದಶಕದಿಂದ ಯಂತ್ರದಲ್ಲಿ ಕತ್ತರಿಸಿದವು ಬಂದವು. 1890ರ ದಶಕದ ಹೊತ್ತಿಗೆ ತಂತಿಯಿಂದ ಮಾಡಿದ ದುಂಡು ಮೊಳೆಗಳು ಅವನ್ನು ಬದಿಗೆ ಸರಿಸಿದವು. ವರ್ಜೀನಿಯದ ಮಾಂಟ್‌ಪೆಲಿಯರ್‌ನಲ್ಲಿ, ಅಂದರೆ ನಾಲ್ಕನೆಯ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ನರ ತೋಟದಲ್ಲಿ, ಪುರಾತತ್ವಜ್ಞರು ಹವ್ಯಾಸಿಗಳನ್ನೇ ಜೊತೆಗೆ ಕರೆದುಕೊಂಡು ನೆಲವನ್ನು ಚೌಕಗಳಾಗಿ ಗುರುತಿಸಿ ಲೋಹಶೋಧಕದಿಂದ ಜಾಲಾಡಿದರು. ಅವರಿಗೆ ಬೇಕಾಗಿದ್ದದ್ದು ಮೊಳೆಗಳೇ. ಗುಲಾಮರು ವಾಸವಿದ್ದ ಮರದ ದಿಮ್ಮಿಯ ಗುಡಿಸಲುಗಳಿಗೆ ಎಷ್ಟೋ ಕಡೆ ಕಲ್ಲಿನ ಅಡಿಪಾಯವಿರಲಿಲ್ಲ. ಮರ ಕೊಳೆತ ಮೇಲೆ ಅಲ್ಲೊಂದು ಮನೆಯಿತ್ತೆಂದು ಹೇಳಲು ಉಳಿದದ್ದು ತುಕ್ಕು ಹಿಡಿದ ಮೊಳೆಗಳ ಒಂದು ಗುಂಪು. ಒಡೆಯನ ಮಹಲು ಇಂದಿಗೂ ನಿಂತಿದೆ. ಅವನಿಗಾಗಿ ದುಡಿದವರ ಮನೆಗಳಿಗೆ ಸಾಕ್ಷಿ, ನಾಣ್ಯ ಹುಡುಕುವವರು ಬೇಡವೆಂದು ಬಿಡುವ ಆ ಕಬ್ಬಿಣ.

ನಾಣ್ಯಕ್ಕೂ ಅರ್ಥ ಬರುವುದು ಇಂಥ ನೆರೆಹೊರೆಯಿಂದಲೇ. 1820ರ ನಾಣ್ಯವೊಂದು ಗೋಡೆಯ ಬುಡದ ಮಣ್ಣಿನಲ್ಲಿ ಸಿಕ್ಕರೆ ಆ ಮಣ್ಣು ಬಿದ್ದದ್ದು 1820ಕ್ಕೆ ಮೊದಲಲ್ಲ ಎಂದು ಖಚಿತವಾಗುತ್ತದೆ. ಎಷ್ಟು ನಂತರ ಎಂಬುದನ್ನು ನಾಣ್ಯದ ಸವೆತ, ಅದರ ಪಕ್ಕದ ಮೊಳೆ, ಪಿಂಗಾಣಿ ಚೂರುಗಳು ಹೇಳಬೇಕು. ಗುಲಾಮರ ವಸತಿಗಳಲ್ಲಿ ತೂತು ಕೊರೆದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವನ್ನು ದಾರಕ್ಕೆ ಪೋಣಿಸಿ ರಕ್ಷೆಯಾಗಿ ಕಟ್ಟಿಕೊಳ್ಳುತ್ತಿದ್ದರು. ಅದೇ ನಾಣ್ಯ ಸ್ಥಳದ ಗುರುತಿಲ್ಲದೆ ಮಾರುಕಟ್ಟೆಗೆ ಬಂದರೆ ತೂತು ಬಿದ್ದು ಬೆಲೆ ಇಳಿದ ನಾಣ್ಯವಷ್ಟೆ. ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲೂ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರಿಗೆ ನಾಣ್ಯಗಳ ಜೊತೆಗೆ ಅವು ಇದ್ದ ಪದರಗಳೂ ಮುಖ್ಯವಾಗಿದ್ದವು. ಸಾತವಾಹನ ಕಾಲದ ಮಡಕೆಗಳ ಕಾಲಮಾನಕ್ಕೆ ಆಧಾರ ಸಿಕ್ಕಿದ್ದು ಹಾಗೆ.

ಉತ್ತ ಹೊಲದಲ್ಲಿ ಪದರಗಳು ಮೊದಲೇ ಕಲಸಿಹೋಗಿವೆ, ಇನ್ನು ಕಳೆದುಕೊಳ್ಳುವುದೇನು ಎಂದು ಹವ್ಯಾಸಿಗಳು ಕೇಳುತ್ತಾರೆ. ಮೇಲೆ ಕೆಳಗೆ ಕಲಸಿದರೂ ವಸ್ತುಗಳು ಅಡ್ಡಡ್ಡ ಬಹುದೂರ ಚದುರುವುದಿಲ್ಲ. ಅವು ಎಲ್ಲಿ ದಟ್ಟವಾಗಿವೆ ಎಂಬ ನಕ್ಷೆ ಉಳಿದಿರುತ್ತದೆ. ಮೇಲಾಗಿ ಮನೆಯ ಅಂಗಳವನ್ನು ಉಳುವವರು ಕಡಿಮೆ. ಪುರಾತತ್ವಜ್ಞರು ಎಲ್ಲ ಕಡೆಗೂ ಬರಲಾರರು ಎಂಬ ಹವ್ಯಾಸಿಗಳ ಇನ್ನೊಂದು ಮಾತನ್ನು ಮಾತ್ರ ಒಪ್ಪಲೇಬೇಕು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1997ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಸಾರ್ವಜನಿಕರು ತಮಗೆ ಸಿಕ್ಕಿದ್ದನ್ನು ಸ್ಥಳದ ಸಮೇತ ದಾಖಲಿಸುತ್ತಾರೆ. ಈ ದಾಖಲೆಗಳು ಹತ್ತು ಲಕ್ಷ ದಾಟಿವೆ, ಹೆಚ್ಚಿನವು ಲೋಹಶೋಧಕ ಹಿಡಿದವರವು. ಸಾಧನದ ಮೇಲೆ ನನಗೆ ಆಕ್ಷೇಪವಿಲ್ಲ. ಜಾಗದ ಗುರುತು ಬರೆದಿಡದೆ, ಬೆಳ್ಳಿಯನ್ನಷ್ಟೇ ಕಿತ್ತು, ಉಳಿದದ್ದನ್ನು ಕೆದಕಿ ಬಿಡುವುದಕ್ಕೆ ಆಕ್ಷೇಪವಿದೆ, ಏಕೆಂದರೆ ಆ ನಷ್ಟವನ್ನು ತುಂಬಿಕೊಡಲು ಯಾರಿಂದಲೂ ಆಗದು.

ಅಮೆರಿಕದಲ್ಲಿ ಹಳೆಯ ಮನೆ ಕೊಂಡಿರುವ ಕನ್ನಡಿಗರಿಗೆ ಒಂದು ಕೋರಿಕೆ. ಕೇಂದ್ರ ಸರ್ಕಾರದ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತನ ಅವಶೇಷಗಳನ್ನು ಅನುಮತಿಯಿಲ್ಲದೆ ಅಗೆಯುವುದು 1979ರ ಕೇಂದ್ರ ಕಾಯ್ದೆಯಂತೆ ಅಪರಾಧ. ನಿಮ್ಮ ಸ್ವಂತ ಅಂಗಳಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿ ನಿರ್ಧಾರ ನಿಮ್ಮದೇ. ಯಾರಾದರೂ ಲೋಹಶೋಧಕ ಹಿಡಿದು ಅನುಮತಿ ಕೇಳಿಕೊಂಡು ಬಂದರೆ, ಮೊದಲು ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೋ ಊರಿನ ಇತಿಹಾಸ ಸಂಘಕ್ಕೋ ಒಂದು ಕರೆ ಮಾಡಿ. ಅಗೆಯುವುದೇ ಆದರೆ ಸಿಕ್ಕ ಪ್ರತಿಯೊಂದು ಮೊಳೆಯ ಜಾಗವನ್ನೂ ಗುರುತು ಹಾಕಿಸಿ.