ಹಳೆಯ ಪಿಕಪ್ ವಾಹನದ ಖರೀದಿ: ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

ಎಲ್ಲೂರು, ಕಾಪು, ಪಡುಬಿದ್ರಿ, ಶಿರ್ವ ಭಾಗದ ವ್ಯಾಪಾರಸ್ಥರಿಗೂ ಕಿರು ಉದ್ದಿಮೆದಾರರಿಗೂ ಪಿಕಪ್ ವಾಹನವು ಇಂದು ಅನಿವಾರ್ಯ ಸಾಧನವಾಗಿದೆ. ಬಂಡವಾಳದ ಮಿತಿಯಿಂದಾಗಿ ಅನೇಕರು ಹಳೆಯ ವಾಹನವನ್ನೇ ಆಶ್ರಯಿಸುತ್ತಾರೆ. ಖರೀದಿಯ ವೇಳೆ ಸಾಮಾನ್ಯವಾಗಿ ಎಂಜಿನ್ನಿನ ಶಬ್ದವನ್ನು ಆಲಿಸಿ, ಟೈರುಗಳನ್ನು ನೋಡಿ ಬೆಲೆ ನಿಶ್ಚಯಿಸುವುದು ರೂಢಿ. ಆದರೆ ಎಂಜಿನ್ನಿನ ದೋಷ ಹಣ ವ್ಯಯಿಸಿದರೆ ಸರಿಹೋಗುತ್ತದೆ. ಚಾಸಿಯ ತುಕ್ಕು ಮತ್ತು ದಾಖಲೆಗಳ ದೋಷ ಅಷ್ಟು ಸುಲಭವಾಗಿ ಪರಿಹಾರವಾಗುವುದಿಲ್ಲ.

ತುಕ್ಕು ಮತ್ತು ಅತಿಭಾರ

ಕರಾವಳಿಯ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲ ಕಬ್ಬಿಣಕ್ಕೆ ಶತ್ರುಗಳು. ಮಲ್ಪೆ ಬಂದರಿನಿಂದ ಮೀನು ಸಾಗಿಸಿದ ವಾಹನವಾದರೆ, ಮಂಜುಗಡ್ಡೆ ಕರಗಿದ ಉಪ್ಪುನೀರು ಚಾಸಿಯ ಮೇಲೆ ವರ್ಷಗಟ್ಟಲೆ ಸುರಿದಿರುತ್ತದೆ. ಆದುದರಿಂದ ವಾಹನದ ಹಿಂದಿನ ಉಪಯೋಗವನ್ನು ಮೊದಲು ವಿಚಾರಿಸತಕ್ಕದ್ದು. ತಳಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಎಚ್ಚರ ಅಗತ್ಯ. ಪ್ಲೇಟು (ಲೀಫ್ ಸ್ಪ್ರಿಂಗ್) ಕೂರುವ ಬ್ರಾಕೆಟ್‌ಗಳು, ಅಡ್ಡಪಟ್ಟಿಗಳು ಹಾಗೂ ಕ್ಯಾಬಿನ್ನಿನ ನೆಲವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ.

ಹೆಚ್ಚುವರಿ ಪ್ಲೇಟು ಸೇರಿಸಿರುವುದು, ಚಾಸಿಯಲ್ಲಿ ವೆಲ್ಡಿಂಗ್ ಗುರುತು, ಟೈರುಗಳ ಅಸಮ ಸವೆತ ಇವು ಅತಿಭಾರ ಹೊತ್ತ ಲಕ್ಷಣಗಳು. ಇಂತಹ ವಾಹನದಲ್ಲಿ ಕ್ಲಚ್, ಗೇರ್‌ಬಾಕ್ಸ್, ಬ್ರೇಕುಗಳೂ ಸವೆದಿರುವ ಸಂಭವ ಹೆಚ್ಚು.

ಎಂಜಿನ್

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ದಟ್ಟ ಕಪ್ಪು ಹೊಗೆ ಇಂಧನ ಸರಿಯಾಗಿ ದಹಿಸದಿರುವುದನ್ನೂ ಸೂಚಿಸುತ್ತದೆ. ಆಯಿಲ್ ಮುಚ್ಚಳ ತೆರೆದಾಗ ಒತ್ತಡದಿಂದ ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಮಾದರಿಯ ಡೀಸೆಲ್ ವಾಹನ ಕೇವಲ ಸಮೀಪದ ಓಡಾಟಕ್ಕೆ ಬಳಕೆಯಾಗಿದ್ದರೆ, ಹೊಗೆ ಶುದ್ಧೀಕರಿಸುವ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಇದರ ದುರಸ್ತಿ ದುಬಾರಿ.

ದಾಖಲೆಗಳು

ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದೊಂದಿಗೆ ತಾಳೆ ನೋಡಬೇಕು. ಸಾಲ ತೀರಿದ್ದರೂ ಹಣಕಾಸು ಸಂಸ್ಥೆಯ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ, ನಮೂನೆ 35ರ ಮೂಲಕ ಅದನ್ನು ತೆಗೆಸದೆ ಪೂರ್ತಿ ಹಣ ಪಾವತಿಸಬಾರದು. ತೆರಿಗೆ, ಫಿಟ್‌ನೆಸ್ ಪತ್ರ, ಬಾಕಿ ದಂಡಗಳನ್ನು ಪರಿಶೀಲಿಸಬೇಕು. ಒಟ್ಟು ತೂಕ 3,000 ಕಿಲೋಗ್ರಾಂ ಮೀರಿದ ಸರಕು ವಾಹನಕ್ಕೆ ಪರ್ಮಿಟ್ ಅಗತ್ಯ.

ನಮೂನೆ 29 ಮತ್ತು 30ಕ್ಕೆ ಸಹಿ ಪಡೆದು ಮೇಜಿನೊಳಗಿಡುವ ಪರಿಪಾಠ ಅಪಾಯಕಾರಿ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿದೆ. ಹಳೆಯ ವಾಹನ ಮಾರುವ ವ್ಯಾಪಾರಿಗೂ ಇದು ಎಚ್ಚರಿಕೆ. ಕೊಂಡವರು 14 ದಿನಗಳೊಳಗೆ ವಿಮೆಯ ವರ್ಗಾವಣೆಗೂ ಅರ್ಜಿ ಸಲ್ಲಿಸಬೇಕು. ಇಲ್ಲವಾದರೆ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯದಿರಬಹುದು.

ಲೆಕ್ಕಪತ್ರ

ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂಪಾಯಿ ಮೀರಿ ನಗದು ನೀಡಿದರೆ, ಆ ಮೊತ್ತ ಆದಾಯ ತೆರಿಗೆಯ ಲೆಕ್ಕದಲ್ಲಿ ವಾಹನದ ಬೆಲೆಗೆ ಸೇರುವುದಿಲ್ಲ, ಸವಕಳಿಯೂ ದೊರೆಯುವುದಿಲ್ಲ. ಮಾರುವವರು ಜಿಎಸ್‌ಟಿ ನೋಂದಾಯಿತರಾಗಿದ್ದರೆ ತೆರಿಗೆಯನ್ನು ಯಾರು ಭರಿಸಬೇಕೆಂಬುದನ್ನು ಮೊದಲೇ ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳುವುದು ಉಚಿತ.

ಸರಕು ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಆದುದರಿಂದ ಹಳೆಯ ದರಗಳನ್ನೇ ಆಧಾರವಾಗಿಟ್ಟು ಚೌಕಾಸಿ ಮಾಡುವುದು ಸರಿಯಲ್ಲ. ಉದಾಹರಣೆಗೆ, 4,50,000 ರೂಪಾಯಿ ಬೆಲೆಯ ವಾಹನಕ್ಕೆ ಚಾಸಿ ದುರಸ್ತಿಗೆ 40,000, ಟೈರುಗಳಿಗೆ 30,000, ವಿಮೆ ಮತ್ತು ಫಿಟ್‌ನೆಸ್‌ಗೆ 40,000 ತಗಲಿತೆಂದು ಭಾವಿಸಿದರೆ ನಿಜವಾದ ಬೆಲೆ 5,60,000. ಈ ಮೊತ್ತವನ್ನು ಹೊಸ ವಾಹನದ ಇಂದಿನ ಬೆಲೆಯೊಂದಿಗೆ ಹೋಲಿಸಬೇಕೇ ಹೊರತು ಮಾರುವವರು ಹೇಳಿದ ಬೆಲೆಯನ್ನಲ್ಲ. ನಂಬಿಕಸ್ಥ ಮೆಕ್ಯಾನಿಕ್‌ಗೆ ನೀಡುವ ಅಲ್ಪ ಶುಲ್ಕ ಮತ್ತು ದಾಖಲೆ ಪರಿಶೀಲನೆಗೆ ಮೀಸಲಿಡುವ ಒಂದು ದಿನ ಈ ವ್ಯವಹಾರದಲ್ಲಿ ಅತ್ಯಂತ ಲಾಭದಾಯಕ ಹೂಡಿಕೆ.