ಕೆಂಪು ದೀಪದಲ್ಲಿ ರೀಲು ತೊಳೆಯಬಹುದೇ?

ಪ್ರಶ್ನೆ: ಅಜ್ಜನ ಹಳೇ ಕ್ಯಾಮೆರಾ ಸಿಕ್ಕದ. ಬ್ಲ್ಯಾಕ್ ಅಂಡ್ ವೈಟ್ ರೀಲು ತರಿಸೇನಿ. ಮನ್ಯಾಗ ಕೆಂಪು ಬಲ್ಬ್ ಹಚ್ಚಿ ತೊಳಿಬಹುದೇನ್ರಿ?
– ಓದುಗರು, ಗಬ್ಬೂರ, ಹುಬ್ಬಳ್ಳಿ

ಉತ್ತರ: ಬಲ್ಬ್ ಹಚ್ಚಬೇಡ್ರಿ, ರೀಲು ಪೂರ್ತಿ ಕಪ್ಪಾದೀತು. ಸಿನಿಮಾದಲ್ಲಿ ಕಾಣುವ ಕೆಂಪು ಕೋಣೆ ಕಾಗದದ ಮೇಲೆ ಪ್ರಿಂಟ್ ಹಾಕುವುದಕ್ಕೆ. ಆ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಈಗಿನ ಹೆಚ್ಚಿನ ರೀಲುಗಳು ಪ್ಯಾನ್‌ಕ್ರೊಮ್ಯಾಟಿಕ್, ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುತ್ತವೆ.

ಮೊದಲು ಹೀಗಿರಲಿಲ್ಲ. 1855ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಬಿಗ್ಸ್ ಐಹೊಳೆ, ಬಾದಾಮಿಗಳಲ್ಲಿ, 1856ರಲ್ಲಿ ಇನ್ನೊಬ್ಬ ಅಧಿಕಾರಿ ಗ್ರೀನ್‌ಲಾ ಹಂಪಿಯಲ್ಲಿ ಫೋಟೊ ತೆಗೆದದ್ದು ಕಾಗದದ ನೆಗೆಟಿವ್ ಮೇಲೆ. ಬೆಳ್ಳಿ ಲವಣ ಸವರಿದ ಆ ಕಾಗದಕ್ಕೆ ನೀಲಿ, ನೇರಳೆ ಬೆಳಕಷ್ಟೇ ಗೊತ್ತು. ಅದಕ್ಕೇ ಆ ಚಿತ್ರಗಳಲ್ಲಿ ಆಕಾಶ ಬರೀ ಬಿಳುಪು.

ನಿಮಗೆ ಡಾರ್ಕ್‌ರೂಮೂ ಬೇಕಿಲ್ಲ. ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗಿನೊಳಗೆ ಕೈತೂರಿಸಿ ರೀಲನ್ನು ಡೆವಲಪಿಂಗ್ ಟ್ಯಾಂಕಿನ ಸುರುಳಿಗೆ ಏರಿಸಿ. ಇದೇ ಕಷ್ಟದ ಕೆಲಸ. ಮೊದಲು ಹಾಳಾದ ರೀಲಿನಲ್ಲಿ ಕಣ್ಣುಮುಚ್ಚಿ ಅಭ್ಯಾಸ ಮಾಡಿ. ಮುಚ್ಚಳ ಬಿಗಿಯಾದ ಮೇಲೆ ಅಡುಗೆಮನೆಯ ಬೆಳಕಿನಲ್ಲೇ ಡೆವಲಪರ್, ಸ್ಟಾಪ್ ಬಾತ್, ಹೈಪೋ (ಫಿಕ್ಸರ್), ಆಮೇಲೆ ನೀರು ಹಾಕಿ.

ಹುಬ್ಬಳ್ಳಿಯಲ್ಲಿ ತೊಂದರೆ ಕೊಡುವುದು ಬೇಸಿಗೆ. ಡೆವಲಪರಿನ ಸಮಯವನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕಹಾಕಿರುತ್ತಾರೆ. ನಲ್ಲಿ ನೀರು ಅದಕ್ಕಿಂತ ಬಿಸಿ. ಬಾಟಲಿಯನ್ನು ಬರ್ಫದ ನೀರಿನಲ್ಲಿಟ್ಟು ಥರ್ಮಾಮೀಟರ್ ನೋಡಿ. ಕಲರ್ ರೀಲಿಗೆ ಸುಮಾರು 38 ಡಿಗ್ರಿ ಬೇಕು, ಅದೂ ಅರ್ಧ ಡಿಗ್ರಿ ಆಚೀಚೆ ಆಗದಂತೆ. ಸದ್ಯಕ್ಕೆ ಅದನ್ನು ಲ್ಯಾಬಿಗೇ ಕಳಿಸಿ.